ಹಕ್ಕಿಗಳ ಚೆರ್ರಿ: ಬ್ರಿಟನ್ನಿನ ನರ್ಸರಿಗಳು ಮಾರುವ ಕಾಡು ಚೆರ್ರಿ ಸಸಿಯ ವಿಮರ್ಶೆ

ನವೆಂಬರ್‌ನಿಂದ ಮಾರ್ಚ್ ತನಕ ಬ್ರಿಟನ್ನಿನ ಯಾವ ಮರದ ನರ್ಸರಿಯ ಪಟ್ಟಿ ತೆಗೆದರೂ ಕಾಡು ಚೆರ್ರಿ ಅದರಲ್ಲಿ ಇದ್ದೇ ಇರುತ್ತದೆ. ತರಿಸಿದರೆ ಮನೆಗೆ ಬರುವುದು ಉದ್ದನೆಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಕಡ್ಡಿ. 60ರಿಂದ 90 ಸೆಂ.ಮೀ. ಎತ್ತರ. ಎಲೆ ಇಲ್ಲ, ಕುಂಡ ಇಲ್ಲ, ಬೇರಿಗೆ ಹತ್ತಿದ ಮಣ್ಣೂ ಇಲ್ಲ. ಒಂದಕ್ಕೆ ಸುಮಾರು ಎರಡು ಮೂರು ಪೌಂಡ್; ಒಂದೆರಡೇ ಕೊಂಡರೆ ಸಸಿಗಿಂತ ಸಾಗಣೆಯ ಖರ್ಚೇ ಜಾಸ್ತಿ. ಹತ್ತು ಲೀಟರ್ ಕುಂಡದಲ್ಲಿ ಬೆಳೆದ ಅದೇ ಮರಕ್ಕೆ ಹತ್ತು ಪಟ್ಟು ಕೊಡಬೇಕು. ಇಲ್ಲಿ ಹೇಳುತ್ತಿರುವುದು ಯಾವುದೋ ಒಂದು ನರ್ಸರಿಯ ವಿಚಾರವಲ್ಲ, ಎಲ್ಲ ಕಡೆ ಒಂದೇ ರೂಪದಲ್ಲಿ ಸಿಗುವ ಈ ಸರಕಿನ ವಿಚಾರ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಜಾಗ ಇದ್ದವರಿಗೆ ಈ ಬೆಲೆಗೆ ಇದಕ್ಕಿಂತ ಒಳ್ಳೆಯ ಮರ ಸಿಗುವುದು ಕಷ್ಟ. ಏಪ್ರಿಲ್‌ನಲ್ಲಿ ಮರ ಪೂರ್ತಿ ಬಿಳಿ ಹೂ, ಅಕ್ಟೋಬರಿನಲ್ಲಿ ಕೇಸರಿ ಮತ್ತು ಕಡುಗೆಂಪು ಎಲೆ, ನಡುವೆ ಜುಲೈಯಲ್ಲಿ ಹಕ್ಕಿಗಳ ಜಾತ್ರೆ. ಆದರೆ ಮಾರುಕಟ್ಟೆಯಲ್ಲಿ ಸಿಗುವ ದಪ್ಪ ಸಿಹಿ ಚೆರ್ರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಕೊಂಡರೆ ಹತ್ತು ವರ್ಷ ಕಾದಮೇಲೆ ನಿರಾಸೆ ಖಚಿತ. ಈ ಸಸಿಯ ಮೇಲೆ ಬರುವ ದೂರುಗಳಲ್ಲಿ ಬಹುಪಾಲು ಸಸಿಯ ತಪ್ಪಲ್ಲ. ಚೀಟಿಯ ಮೇಲಿನ ಹೆಸರನ್ನು ಕೊಂಡವರು ಸರಿಯಾಗಿ ಓದಿಕೊಂಡಿರುವುದಿಲ್ಲ, ಅಷ್ಟೇ.

ಚೀಟಿಯ ಮೇಲೆ ಸಾಮಾನ್ಯವಾಗಿ ಮೂರು ಹೆಸರು ಇರುತ್ತವೆ: ವೈಲ್ಡ್ ಚೆರ್ರಿ, ಗೀನ್, ಮತ್ತು ಪ್ರೂನಸ್ ಏವಿಯಮ್. ಕೊಳ್ಳುವವರಿಗೆ ನಿಜವಾಗಿ ಬೇಕಾದದ್ದು ಮೂರನೆಯದು. ಲ್ಯಾಟಿನ್ನಿನಲ್ಲಿ ಪ್ರೂನಸ್ ಎಂದರೆ ಪ್ಲಮ್ ಮರ. ಪ್ಲಮ್, ಬಾದಾಮಿ, ಏಪ್ರಿಕಾಟ್, ಪೀಚ್, ಚೆರ್ರಿ ಎಲ್ಲ ಈ ಒಂದು ಕುಲದ ಮಕ್ಕಳು. ಅವಿಸ್ ಎಂದರೆ ಹಕ್ಕಿ. ಏವಿಯಮ್ ಅದರ ಷಷ್ಠಿ ವಿಭಕ್ತಿಯ ಬಹುವಚನ, ಎಂದರೆ ‘ಹಕ್ಕಿಗಳ’. ಸಂಸ್ಕೃತದಲ್ಲಿ ಹಕ್ಕಿಗೆ ಇರುವ ‘ವಿ’ ಎಂಬ ಹಳೆಯ ಪದ ಈ ಅವಿಸ್‌ನ ದಾಯಾದಿ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಕಾರ್ಲ್ ಲಿನೇಯಸ್ 1753ರಲ್ಲಿ ಇದನ್ನು ಹುಳಿ ಚೆರ್ರಿಯ ಒಂದು ಬಗೆ ಎಂದು ಬರೆದಿದ್ದ. ಎರಡು ವರ್ಷದ ನಂತರ, 1755ರಲ್ಲಿ, ಬೇರೆಯದೇ ಪ್ರಭೇದ ಎಂದು ಒಪ್ಪಿ ಪ್ರೂನಸ್ ಏವಿಯಮ್ ಎಂಬ ಹೆಸರನ್ನು ನಿಲ್ಲಿಸಿದ. ಹಣ್ಣು ಯಾರ ಪಾಲಿಗೆ ಹೋಗುತ್ತದೆ ಎಂಬುದು ಆ ಹೆಸರಿನಲ್ಲೇ ಇದೆ. ಹಣ್ಣಿನ ಅಡ್ಡಳತೆ ಒಂದರಿಂದ ಎರಡು ಸೆಂ.ಮೀ. ಒಳಗಿನ ಓಟೆಯೇ ಒಂದು ಸೆಂ.ಮೀ. ಹತ್ತಿರ ಇರುವುದರಿಂದ ತಿರುಳು ಅದರ ಸುತ್ತ ತೆಳುವಾಗಿ ಹೊದ್ದ ಬಟ್ಟೆಯಂತೆ. ರುಚಿ ಮರದಿಂದ ಮರಕ್ಕೆ ಬೇರೆ. ಒಂದು ಸಿಹಿ, ಪಕ್ಕದ್ದು ಬೇವಿನಷ್ಟು ಕಹಿ. ಬೀಜದಿಂದ ಹುಟ್ಟಿದ ಮರಗಳಾದ್ದರಿಂದ ಯಾವ ನರ್ಸರಿಯೂ ರುಚಿಯ ಭರವಸೆ ಕೊಡಲಾರದು. ಬ್ಲ್ಯಾಕ್‌ಬರ್ಡ್, ಥ್ರಷ್ ಹಕ್ಕಿಗಳಿಗೆ ಈ ವ್ಯತ್ಯಾಸ ಯಾವುದೂ ಅಡ್ಡಿಯಲ್ಲ. ಹಣ್ಣು ನುಂಗಿ ಓಟೆಯನ್ನು ದೂರ ಬೀಳಿಸುತ್ತವೆ, ಕಾಡಿನಲ್ಲಿ ಮರ ಹರಡುವುದು ಹೀಗೆ.

ಇಲ್ಲೇ ಒಂದು ಗೊಂದಲ ಶುರುವಾಗುತ್ತದೆ. ಏವಿಯಮ್ ಎಂಬುದನ್ನು ಇಂಗ್ಲಿಷಿಗೆ ತಂದರೆ ‘ಬರ್ಡ್ ಚೆರ್ರಿ’ ಆಗಬೇಕು ತಾನೆ? ಆದರೆ ಬ್ರಿಟನ್ನಿನಲ್ಲಿ ಬರ್ಡ್ ಚೆರ್ರಿ ಎಂದು ಮಾರುವುದು ಬೇರೆ ಮರವನ್ನು, ಪ್ರೂನಸ್ ಪೇಡಸ್ ಅನ್ನು. ಜರ್ಮನ್ನಿನಲ್ಲಿ ಮಾತ್ರ ಫೋಗೆಲ್‌ಕಿರ್ಶೆ, ಅಂದರೆ ಹಕ್ಕಿ ಚೆರ್ರಿ, ನಮ್ಮ ಈ ಏವಿಯಮ್ ಮರವೇ. ಪೇಡಸ್‌ಗೆ ಅಲ್ಲಿ ಟ್ರೌಬೆನ್‌ಕಿರ್ಶೆ, ಗೊಂಚಲು ಚೆರ್ರಿ ಎನ್ನುತ್ತಾರೆ. ಸ್ವೀಡನ್ನಿನವರೂ ಏವಿಯಮ್ ಅನ್ನು ಫೋಗೆಲ್‌ಬೇರ್, ಹಕ್ಕಿಹಣ್ಣು ಎಂದೇ ಕರೆಯುತ್ತಾರೆ. ಹಾಗಾಗಿ ಜರ್ಮನ್ ಬರಹ ಓದಿ ಬ್ರಿಟನ್ನಿನ ಪಟ್ಟಿಯಲ್ಲಿ ಬರ್ಡ್ ಚೆರ್ರಿ ಆರಿಸಿದವರ ಮನೆಗೆ ತಪ್ಪು ಮರ ಬರುತ್ತದೆ. ಪೇಡಸ್ ಕೆಟ್ಟ ಮರವೇನಲ್ಲ, ಒದ್ದೆ ನೆಲ ತಡೆದುಕೊಳ್ಳುವುದರಲ್ಲಿ ಇದಕ್ಕಿಂತ ಮೇಲು. ಆದರೆ ಎತ್ತರ ಸುಮಾರು ಅರ್ಧ, ಮತ್ತು ಹೂ ಉದ್ದನೆಯ ತೆನೆಯಲ್ಲಿ ಬರುತ್ತದೆ, ಏವಿಯಮ್‌ನಂತೆ ಗಿಡ್ಡ ಗುಚ್ಛದಲ್ಲಿ ಅಲ್ಲ.

ಗೀನ್ ಎಂಬುದು ಸ್ಕಾಟ್ಲೆಂಡಿನಲ್ಲಿ ಹೆಚ್ಚು ಬಳಕೆಯಲ್ಲಿದೆ. ಫ್ರೆಂಚಿನ ಗೀನ್ಯ್ ಎಂಬ ಪದದಿಂದ ಬಂದದ್ದು. ಚೆರ್ರಿ ಎಂಬ ಪದದ ದಾರಿ ಇನ್ನೂ ಉದ್ದ. ಗ್ರೀಕಿನ ಕೆರಸೋಸ್ ಲ್ಯಾಟಿನ್ನಿನ ಕೆರಸುಸ್ ಆಗಿ, ಹಳೆಯ ನಾರ್ಮನ್ ಫ್ರೆಂಚಿನಲ್ಲಿ ಚೆರೀಸ್ ಆಗಿ ಇಂಗ್ಲೆಂಡಿಗೆ ಬಂತು. ಕೊನೆಯ ‘ಸ್’ ಕೇಳಿದ ಇಂಗ್ಲಿಷರು ಅದು ಬಹುವಚನ ಎಂದುಕೊಂಡು, ಒಂದೇ ಹಣ್ಣಿಗೆ ‘ಚೆರ್ರಿ’ ಎಂದು ಕತ್ತರಿಸಿದರು. ಅದೇ ತಪ್ಪನ್ನು ಕಾಡು ಚೆರ್ರಿಯ ಫ್ರೆಂಚ್ ಹೆಸರಾದ ಮೆರೀಸ್‌ಗೂ ಮಾಡಿ ‘ಮೆರ್ರಿ’ ಎಂಬ ಪದ ಹುಟ್ಟಿಸಿದರು. ಮೆರೀಸ್‌ನಲ್ಲಿ ‘ಕಹಿ’ ಮತ್ತು ‘ಚೆರ್ರಿ’ ಎರಡೂ ಪದ ಬೆಸೆದುಕೊಂಡಿವೆ. ಹಣ್ಣು ತಿಂದು ನೋಡಿದವರು ಇಟ್ಟ ಹೆಸರು. ಕಪ್ಪು ಸಮುದ್ರದ ದಡದಲ್ಲಿರುವ ಟರ್ಕಿಯ ಗಿರೇಸುನ್ ಪಟ್ಟಣದ ಹಳೆಯ ಹೆಸರು ಕೆರಸೂಸ್. ಹಣ್ಣಿನಿಂದ ಊರಿಗೆ ಹೆಸರು ಬಂತೋ, ಊರಿನಿಂದ ಹಣ್ಣಿಗೋ ಎಂಬ ವಾದ ವಿದ್ವಾಂಸರಲ್ಲಿ ಇನ್ನೂ ನಡೆದಿದೆ. ರೋಮಿನ ಪ್ಲಿನಿ ಕ್ರಿ.ಶ. ಒಂದನೇ ಶತಮಾನದಲ್ಲಿ ಬರೆದಂತೆ, ಸೇನಾನಿ ಲುಕುಲ್ಲಸ್ ಮಿಥ್ರಿಡೇಟಿಸ್ ರಾಜನನ್ನು ಸೋಲಿಸಿ ಆ ಸೀಮೆಯಿಂದ ಚೆರ್ರಿ ತರುವ ತನಕ ಇಟಲಿಯಲ್ಲಿ ಚೆರ್ರಿಯೇ ಇರಲಿಲ್ಲ. ಇದನ್ನು ಸಾಕು ತಳಿಗೆ ಮಾತ್ರ ಒಪ್ಪಬಹುದು. ಕಾಡು ಮರ ಯುರೋಪಿನದೇ. ಅದರ ಓಟೆಗಳು ಲುಕುಲ್ಲಸ್‌ಗಿಂತ ಎಷ್ಟೋ ಹಿಂದಿನ, ಕಂಚಿನ ಯುಗದ ನೆಲೆಗಳಲ್ಲೇ ಸಿಕ್ಕಿವೆ. ಇಂದು ಅಂಗಡಿಯಲ್ಲಿ ಸಿಗುವ ಸಿಹಿ ಚೆರ್ರಿಯೂ ಇದೇ ಪ್ರಭೇದದಿಂದ ಶತಮಾನಗಳ ಕಾಲ ಆರಿಸಿ ಬೆಳೆಸಿದ್ದು. ಆದ್ದರಿಂದ ಹಣ್ಣಿನ ತಳಿಯ ಚೀಟಿಯ ಮೇಲೂ ಪ್ರೂನಸ್ ಏವಿಯಮ್ ಎಂದೇ ಇರುತ್ತದೆ, ಮುಂದೆ ಉದ್ಧರಣ ಚಿಹ್ನೆಯಲ್ಲಿ ತಳಿಯ ಹೆಸರು. ತಳಿಯ ಹೆಸರಿಲ್ಲ ಎಂದರೆ ಕಾಡು ಸಸಿ. ಆರ್ಡರ್ ಒತ್ತುವ ಮುಂಚೆ ನೋಡಬೇಕಾದ ಮೊದಲ ಸಂಗತಿ ಇದು.

ತಳಿಗಳಲ್ಲಿ ‘ಪ್ಲೇನಾ’ ಎಂಬುದೊಂದನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಕಾಡು ಚೆರ್ರಿಯ ಪಕ್ಕದಲ್ಲೇ ಅದನ್ನು ಇಟ್ಟಿರುತ್ತಾರೆ. ಸುತ್ತುಮಲ್ಲಿಗೆಯಂತೆ ಎಸಳು ತುಂಬಿದ ಹೂ, ನೋಡಲು ಇನ್ನೂ ಚೆಂದ, ಹೆಚ್ಚು ದಿನ ಉಳಿಯುತ್ತದೆ. ಆದರೆ ಹಣ್ಣು ಕಟ್ಟುವುದಿಲ್ಲ. ಹಕ್ಕಿಗಳಿಗೆಂದು ಮರ ನೆಡುವವರು ಅದನ್ನು ಕೊಳ್ಳಬಾರದು. ಹಣ್ಣು ಬಿದ್ದು ಕಾರು, ಕಲ್ಲುಹಾಸು ಕಲೆಯಾಗುವುದು ಬೇಡ ಎನ್ನುವವರಿಗೆ ಅದೇ ಸರಿ.

ಇನ್ನು ಚೀಟಿಯ ಉಳಿದ ಅಕ್ಷರ, ಅಂಕಿಗಳು. ‘1+0’ ಎಂದರೆ ಬಿತ್ತಿದ ಮಡಿಯಲ್ಲೇ ಒಂದು ವರ್ಷ ಬೆಳೆದ ಸಸಿ. ‘1+1’ ಎಂದರೆ ಒಂದು ವರ್ಷದ ನಂತರ ಕಿತ್ತು ಇನ್ನೊಂದು ಮಡಿಗೆ ನಾಟಿ ಮಾಡಿ ಮತ್ತೊಂದು ವರ್ಷ ಬೆಳೆಸಿದ್ದು. ‘1ಯು1’ ಎಂದರೆ ಕೀಳದೆ, ನೆಲದೊಳಗೆ ಬ್ಲೇಡು ಹಾಯಿಸಿ ತಾಯಿಬೇರು ಕತ್ತರಿಸಿ, ಅಲ್ಲೇ ಇನ್ನೊಂದು ವರ್ಷ ಬಿಟ್ಟದ್ದು. ಬೆಲೆಯಲ್ಲಿ ಪೆನ್ನಿಗಳ ವ್ಯತ್ಯಾಸ ಇದ್ದರೆ 1+1 ಅಥವಾ 1ಯು1 ತೆಗೆದುಕೊಳ್ಳಿ. ಬೇರು ಕವಲೊಡೆದು ಗುಚ್ಛವಾಗಿರುತ್ತದೆ, ನೆಟ್ಟ ಮೊದಲ ಬೇಸಿಗೆಯಲ್ಲಿ ಬದುಕುವ ಸಾಧ್ಯತೆ ಜಾಸ್ತಿ.

ಆನ್‌ಲೈನಿನಲ್ಲಿ ಕೊಂಡ ಸಸಿಯ ಜೊತೆ ‘ಪ್ಲಾಂಟ್ ಪಾಸ್‌ಪೋರ್ಟ್’ ಎಂಬ ಸಣ್ಣ ಚೀಟಿ ಬರಬೇಕು. ಅದರಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ಸಾಲು: ಸಸ್ಯದ ಶಾಸ್ತ್ರೀಯ ಹೆಸರು, ನರ್ಸರಿಯ ನೋಂದಣಿ ಸಂಖ್ಯೆ, ಗುರುತಿನ ಸಂಕೇತ, ಬಂದ ದೇಶ. ಎ ಸಾಲಿನಲ್ಲಿ ಬರೀ ‘ಪ್ರೂನಸ್’ ಎಂದಿದ್ದರೆ ಯಾವ ಪ್ರಭೇದ ಎಂದು ಕೇಳಿ ತಿಳಿಯಿರಿ. ಡಿ ಸಾಲಿನಲ್ಲಿ ಬ್ರಿಟನ್ ಎಂದಿದ್ದರೂ ಬೀಜ ಹೊರಗಿನಿಂದ ಬಂದಿರಬಹುದು. ಬೀಜವೂ ಬೆಳೆಸಿದ್ದೂ ಎರಡೂ ಬ್ರಿಟನ್, ಐರ್ಲೆಂಡಿನವೇ ಎಂಬ ಖಾತ್ರಿ ಬೇಕಿದ್ದರೆ ವುಡ್‌ಲ್ಯಾಂಡ್ ಟ್ರಸ್ಟ್ ಎಂಬ ಕಾಡು ಸಂರಕ್ಷಣಾ ಸಂಸ್ಥೆಯ ‘ಯುಕೆಐಎಸ್‌ಜಿ’ (UKISG) ಗುರುತು ಹುಡುಕಬೇಕು. ಕಾಡು ಬೆಳೆಸಲು ಸಾವಿರಗಟ್ಟಲೆ ಕೊಳ್ಳುವವರಿಗೆ ಇನ್ನೊಂದು ದಾಖಲೆ ಸಿಗುತ್ತದೆ. ಬ್ರಿಟನ್ನನ್ನು ನಾಲ್ಕು ಮೂಲ ಪ್ರದೇಶ, 24 ಬೀಜ ವಲಯಗಳಾಗಿ ಹಂಚಿದ್ದಾರೆ. ಬೀಜ ಯಾವ ವಲಯದ್ದು ಎಂದು ಅದರಲ್ಲಿ ಬರೆದಿರುತ್ತದೆ. ದಾಖಲೆಯ ಬಣ್ಣವೂ ಅರ್ಥ ಹೇಳುತ್ತದೆ: ಹಳದಿ ಎಂದರೆ ಮೂಲ ಗೊತ್ತಿರುವ ಬೀಜ ಅಷ್ಟೇ, ಹಸಿರು ಎಂದರೆ ಆರಿಸಿದ ಮರಗಳ ಬೀಜ, ಗುಲಾಬಿ ಎಂದರೆ ಅರ್ಹತೆ ಪಡೆದ ಒಂದೊಂದೇ ತಾಯಿಮರಗಳಿಂದ ತೆಗೆದದ್ದು, ನೀಲಿ ಎಂದರೆ ಪರೀಕ್ಷೆಯಲ್ಲಿ ಗೆದ್ದದ್ದು. ಮರಮುಟ್ಟಿಗಾಗಿ ಬೆಳೆಸುವವರು ಹಳದಿಗೆ ತೃಪ್ತರಾಗಬಾರದು. ಕಾಡು ಚೆರ್ರಿಯ ಕಾಂಡ ನೇರವಾಗಿ ಹೋಗುವುದೂ, ಕವಲೊಡೆಯುವುದೂ ಬಹಳಮಟ್ಟಿಗೆ ವಂಶದಿಂದ ಬರುವ ಗುಣ, ಮತ್ತು ಮರಮುಟ್ಟು ಕೈಗೆ ಬರಲು 50–60 ವರ್ಷ ಬೇಕು.

ಚೀಲ ಬಿಚ್ಚಿದ ಕೂಡಲೇ ಮೂರು ಜಾಗ ನೋಡಿ. ಮೊದಲು ಬುಡ. ಕಾಂಡ ಬೇರಾಗುವಲ್ಲಿ ಬಣ್ಣ ಬದಲಾಗುವ ಒಂದು ಗೆರೆ ಇರುತ್ತದೆ, ಅಲ್ಲಿ ಬರೆಯುವ ಪೆನ್ಸಿಲಿನಷ್ಟು ದಪ್ಪ ಇರಬೇಕು. ಎತ್ತರ 90 ಸೆಂ.ಮೀ. ಇದ್ದು ಬುಡ ಊದಿನಕಡ್ಡಿಯಂತಿದ್ದರೆ ಮಡಿಯಲ್ಲಿ ಒತ್ತೊತ್ತಾಗಿ ಬೆಳೆಸಿದ್ದು ಎಂದರ್ಥ. ಅದಕ್ಕಿಂತ 50 ಸೆಂ.ಮೀ.ನ ದಪ್ಪ ಸಸಿ ಎಷ್ಟೋ ವಾಸಿ. ಎತ್ತರ ನೋಡಿ ಬೆಲೆ ಹಚ್ಚುವ ಪದ್ಧತಿಯೇ ನಮಗೆ ಸರಿ ಕಾಣುವುದಿಲ್ಲ. ಎರಡನೆಯದು ಬೇರು. ಹಸಿಯಾಗಿ, ಬಾಗಿಸಿದರೆ ಬಳುಕುವಂತೆ ಇರಬೇಕು. ಒಣಗಿ ಪಟ್ಟೆಂದು ಮುರಿದರೆ ಹಿಂದಿರುಗಿಸಿ. ಬೂಷ್ಟು ಹಿಡಿದು ಹುಳಿ ವಾಸನೆ ಬಂದರೂ ಅಷ್ಟೇ. ಮೂರನೆಯದು ತೊಗಟೆ. ಉಗುರಿನಿಂದ ಅಕ್ಕಿಕಾಳಿನಷ್ಟು ಕೆರೆದು ನೋಡಿ. ಕೆಳಗೆ ಎಳೆ ಹಸಿರು ಕಂಡರೆ ಜೀವ ಇದೆ. ಆಗಲೇ ಮೂಗಿಗೂ ಹಿಡಿಯಿರಿ. ಕಟುವಾದ ಕೆಟ್ಟ ವಾಸನೆ ಹೊಡೆದರೆ, ಮೊಗ್ಗುಗಳು ಉದ್ದವಾಗಿ ಚೂಪಾಗಿ ಕಡ್ಡಿಗೆ ಒತ್ತಿಕೊಂಡಿದ್ದರೆ, ನಿಮಗೆ ಬಂದಿರುವುದು ಪೇಡಸ್.

ಏಪ್ರಿಲ್‌ನಲ್ಲಿ ಎಲೆ ಬಿಟ್ಟ ಮೇಲೆ ಗುರುತು ಇನ್ನೂ ಸುಲಭ. ಒಂದು ಎಲೆಯನ್ನು ತೊಟ್ಟಿನ ಸಮೇತ ಕಿತ್ತು ಬೆಳಕಿಗೆ ಹಿಡಿಯಿರಿ. ತೊಟ್ಟು ಎಲೆಯನ್ನು ಸೇರುವ ಸ್ವಲ್ಪ ಕೆಳಗೆ, ಸಾಸಿವೆ ಕಾಳಿಗಿಂತಲೂ ಸಣ್ಣ, ಕೆಂಪಗೆ ಹೊಳೆಯುವ ಎರಡು ಗುಳ್ಳೆ ಕಾಣುತ್ತವೆ. ರೋಗದ ಲಕ್ಷಣ ಎಂದು ಫೋಟೊ ತೆಗೆದು ನರ್ಸರಿಗೆ ಕಳಿಸಬೇಕಿಲ್ಲ. ಅವು ಮಕರಂದ ಗ್ರಂಥಿಗಳು. ಹೂವಿನ ಹೊರಗೆ ಸಕ್ಕರೆ ನೀರು ಒಸರಿ ಇರುವೆಗಳನ್ನು ಕರೆಯುತ್ತವೆ, ಬಂದ ಇರುವೆಗಳು ಎಳೆ ಎಲೆ ತಿನ್ನುವ ಸಣ್ಣ ಹುಳುಗಳನ್ನು ಹೊತ್ತೊಯ್ಯುತ್ತವೆ. ಎಲೆ 6ರಿಂದ 15 ಸೆಂ.ಮೀ. ಉದ್ದ, ಅಂಚಿಗೆ ಗರಗಸದ ಹಲ್ಲು, ತುದಿ ಚೂಪು, ತೊಟ್ಟು ಉದ್ದವಾದ್ದರಿಂದ ಕೆಳಗೆ ಜೋತುಬಿದ್ದಂತೆ ಇರುತ್ತದೆ.

ನೆಡುವ ವಿಷಯದಲ್ಲಿ ಇದು ಸಲೀಸಾದ ಗಿಡ, ಆದರೆ ಎರಡು ಸಂಗತಿಯಲ್ಲಿ ಹಟಮಾರಿ. ನೀರು ನಿಲ್ಲಬಾರದು, ನೆರಳು ಬೀಳಬಾರದು. ಜಾಗ ಪರೀಕ್ಷಿಸಲು 30 ಸೆಂ.ಮೀ. ಆಳದ ಗುಂಡಿ ತೆಗೆದು ನೀರು ತುಂಬಿಸಿ. ಮಾರನೆಯ ದಿನವೂ ನೀರು ನಿಂತಿದ್ದರೆ ಅಲ್ಲಿ ಚೆರ್ರಿ ಬೇಡ. ಸುಣ್ಣದ ನೆಲ ಆಗುತ್ತದೆ, ಆಳವಾದ ಎರೆ ಬೆರೆತ ಮಣ್ಣು ಬಸಿಯುವಂತಿದ್ದರೆ ಆಗುತ್ತದೆ. ಮನೆಯ ಗೋಡೆ, ಒಳಚರಂಡಿ ಕೊಳವೆಗಳಿಂದ ಕನಿಷ್ಠ 10 ಮೀಟರ್ ದೂರ ಬಿಡಿ. 20ರಿಂದ 50 ವರ್ಷದಲ್ಲಿ ಇದು 12 ಮೀಟರಿಗೂ ಎತ್ತರ, 8 ಮೀಟರಿಗೂ ಅಗಲ ಆಗುವ ಮರ. ಕಾಡಿನಲ್ಲಿ 25–30 ಮೀಟರ್ ಮುಟ್ಟುತ್ತದೆ. ಲಂಡನ್ನಿನ ಸಾಲುಮನೆಯ ಹಿತ್ತಲಿಗೆ ಇದು ಹೇಳಿದ ಮರವಲ್ಲ. ಮಿಲ್ಟನ್ ಕೀನ್ಸಿನಲ್ಲಿರಲಿ, ಸ್ಲೌನಲ್ಲಿರಲಿ, ಹೊಸ ಬಡಾವಣೆಗಳ ಆರು ಮೀಟರ್ ಹಿತ್ತಲಿನಲ್ಲಿ ಇದನ್ನು ನೆಟ್ಟವರು ಹದಿನೈದು ವರ್ಷದಲ್ಲಿ ಕಡಿಸುವ ಖರ್ಚಿಗೆ ಸಿದ್ಧರಾಗಬೇಕು.

ಸಸಿ ಬಂದ ದಿನ ನೆಡಲಾಗದಿದ್ದರೆ ನೆರಳಿನಲ್ಲಿ ಒಂದು ಸಣ್ಣ ಕಾಲುವೆ ತೋಡಿ, ಬೇರು ಅದರಲ್ಲಿ ಮಲಗಿಸಿ, ಒದ್ದೆ ಮಣ್ಣು ಮುಚ್ಚಿಡಿ. ಹಾಗೆ ವಾರಗಟ್ಟಲೆ ಇಡಬಹುದು. ಬೇರನ್ನು ಬಕೆಟ್ ನೀರಿನಲ್ಲಿ ದಿನಗಟ್ಟಲೆ ಬಿಟ್ಟರೆ ಉಸಿರುಕಟ್ಟಿ ಸಾಯುತ್ತದೆ. ಒಂದು ಗಂಟೆ ನೆನೆಸಿದರೆ ಸಾಕು. ಗಾಳಿ, ಬಿಸಿಲಿಗೆ ಬಿಚ್ಚಿಟ್ಟ ಬೇರು ಹತ್ತು ನಿಮಿಷದಲ್ಲೇ ಹಾಳಾಗತೊಡಗುತ್ತದೆ, ಹಾಗಾಗಿ ಗುಂಡಿ ತಯಾರಾಗುವ ತನಕ ಚೀಲದಿಂದ ತೆಗೆಯಬೇಡಿ. ನೆಲ ಹೆಪ್ಪುಗಟ್ಟಿದ ದಿನ ನೆಡಬೇಡಿ.

ಗುಂಡಿ ಬೇರು ಪೂರ್ತಿ ಹರಡಿ ಕೂರುವಷ್ಟು ಅಗಲ ಇರಲಿ, ಬೇರಿಗಿಂತ ಆಳ ಬೇಡ. ಬುಡದ ಬಣ್ಣ ಬದಲಾಗುವ ಆ ಗೆರೆ ನೆಲದ ಮಟ್ಟಕ್ಕೆ ಸರಿಯಾಗಿ ಬರಬೇಕು. ಐದು ಸೆಂ.ಮೀ. ಕೆಳಗೆ ಹೋದರೂ ತೊಗಟೆ ಕೊಳೆಯಲು ಶುರು. ಸಸಿ ಸಾಯುವ ಕಾರಣಗಳಲ್ಲಿ ಇದೂ ಒಂದು, ಆದರೆ ಎರಡನೇ ಮೂರನೇ ವರ್ಷ ಸಾಯುವುದರಿಂದ ಯಾರೂ ನಾಟಿಯನ್ನು ಅನುಮಾನಿಸುವುದಿಲ್ಲ, ನರ್ಸರಿಯನ್ನು ದೂರುತ್ತಾರೆ. ಗುಂಡಿಗೆ ಗೊಬ್ಬರ, ಕಾಂಪೋಸ್ಟ್ ಹಾಕಬೇಡಿ. ತೆಗೆದ ಮಣ್ಣನ್ನೇ ತುಂಬಿ ಹಿಮ್ಮಡಿಯಿಂದ ಒತ್ತಿ. ಸಸಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಏಳಬಾರದು. ಹುಲ್ಲುಗಾವಲಿನಲ್ಲಿ ನೂರಾರು ನೆಡುವವರು ಗುಂಡಿ ತೆಗೆಯದೆ ಸಲಿಕೆಯನ್ನು ನೆಲಕ್ಕೆ ಇಳಿಸಿ, ಹಿಂದಕ್ಕೆ ಮುಂದಕ್ಕೆ ಆಡಿಸಿ, ಸೀಳಿನಲ್ಲಿ ಬೇರು ಇಳಿಸಿ ತುಳಿಯುತ್ತಾರೆ. ವೇಗದ ಕೆಲಸ. ಆದರೆ ಬೇರು ತುದಿ ಮೇಲಕ್ಕೆ ಮಡಚಿಕೊಳ್ಳದಂತೆ, ಸ್ವಲ್ಪ ಆಳಕ್ಕೆ ಇಳಿಸಿ ಆಮೇಲೆ ಗೆರೆಯ ಮಟ್ಟಕ್ಕೆ ಎತ್ತಬೇಕು. ಜೇಡಿ ನೆಲದಲ್ಲಿ ಈ ಸೀಳು ಬೇಸಿಗೆಯಲ್ಲಿ ಬಾಯಿ ಬಿಟ್ಟು ಬೇರು ಒಣಗುತ್ತದೆ, ಅಲ್ಲಿ ಗುಂಡಿಯೇ ಸರಿ.

ಬುಡದ ಸುತ್ತ ಒಂದು ಮೀಟರ್ ಹುಲ್ಲು ಇರಬಾರದು. ಮೊದಲ ಎರಡು ಮೂರು ವರ್ಷ ಹುಲ್ಲೇ ಇದರ ದೊಡ್ಡ ಶತ್ರು, ನೀರನ್ನೆಲ್ಲ ಹೀರಿಬಿಡುತ್ತದೆ. ಮರದ ಚಕ್ಕೆ ಐದಾರು ಸೆಂ.ಮೀ. ದಪ್ಪ ಹಾಸಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಿ. ಮಳೆ ಇಲ್ಲದ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಹತ್ತು ಲೀಟರ್ ನೀರು, ಎರಡು ವರ್ಷ. ಮೊಲ ಇರುವ ಕಡೆ 60 ಸೆಂ.ಮೀ. ಸುರುಳಿ ಕವಚ, ರೋ ಜಿಂಕೆ ಇರುವ ಕಡೆ 1.2 ಮೀಟರ್ ಕೊಳವೆ. ನರ್ಸರಿಗಳು ಸಸಿಯ ಜೊತೆ ಮಾರುವ ಸುರುಳಿ ಕವಚ ಅಗ್ಗ, ಆದರೆ ಕಾಂಡ ಬೆಳೆದಾಗ ಬಿಚ್ಚದೆ ಬಿಟ್ಟರೆ ಒಳಗೆ ತೇವ ನಿಂತು ತೊಗಟೆಗೆ ಹುಣ್ಣಾಗುತ್ತದೆ. ಚೆರ್ರಿ ತೊಗಟೆ ಇದನ್ನು ಓಕ್‌ನಷ್ಟು ತಡೆಯುವುದಿಲ್ಲ. ವರ್ಷಕ್ಕೊಮ್ಮೆ ಕೈಹಾಕಿ ನೋಡುವ ಅಭ್ಯಾಸ ಇಲ್ಲದಿದ್ದರೆ ಜಾಲರಿ ಕವಚಕ್ಕೆ ದುಡ್ಡು ಹಾಕಿ.

ಸವರುವ ಕಾಲದ ಬಗ್ಗೆ ಎಷ್ಟು ಒತ್ತಿ ಹೇಳಿದರೂ ಕಡಿಮೆ. ಸೇಬಿನ ಮರವನ್ನು ಚಳಿಗಾಲದಲ್ಲಿ ಸವರುವ ರೂಢಿಯಲ್ಲಿ ಚೆರ್ರಿಯನ್ನೂ ಸವರಬೇಡಿ. ಜೂನ್‌ನಿಂದ ಆಗಸ್ಟ್ ಒಳಗೆ, ಒಣ ದಿನದಲ್ಲಿ ಮಾತ್ರ. ಬೆಳ್ಳಿ ಎಲೆ ರೋಗದ ಶಿಲೀಂಧ್ರದ ಬೀಜಕಣಗಳು ತೇವದ ಶರತ್ಕಾಲ, ಚಳಿಗಾಲದಲ್ಲಿ ಗಾಳಿಯಲ್ಲಿ ತೇಲಿ ಬಂದು ಹಸಿ ಗಾಯದಿಂದ ಒಳಹೊಗುತ್ತವೆ. ಎಲೆಗೆ ಬೂದಿ ಬೆಳ್ಳಿಯ ಹೊಳಪು ಬರುತ್ತದೆ, ಆಮೇಲೆ ರೆಂಬೆಗಳು ಒಂದೊಂದಾಗಿ ಸಾಯುತ್ತವೆ. ಬೇಸಿಗೆಯಲ್ಲಿ ಬೀಜಕಣ ಕಡಿಮೆ, ಗಾಯವೂ ಬೇಗ ಮಾಯುತ್ತದೆ. ಬ್ಯಾಕ್ಟೀರಿಯಾದ ಹುಣ್ಣುರೋಗ ಇನ್ನೊಂದು: ತೊಗಟೆ ಒಳಕ್ಕೆ ಕುಸಿದು, ಅಂಚಿನಲ್ಲಿ ಜೇನಿನ ಬಣ್ಣದ ಅಂಟು ಉಬ್ಬುತ್ತದೆ, ವಸಂತದಲ್ಲಿ ಮೇಲಿನ ಮೊಗ್ಗು ಬಿರಿಯದೆ ಉಳಿಯುತ್ತದೆ. ಆ ರೆಂಬೆಯನ್ನು ಆರೋಗ್ಯದ ಮರ ಸಿಗುವ ತನಕ ಹಿಂದಕ್ಕೆ ಕತ್ತರಿಸಿ ಸುಡಬೇಕು. ಬರೀ ಅಂಟು ಕಂಡ ಮಾತ್ರಕ್ಕೆ ಹೆದರಬೇಡಿ. ಏಟು ಬಿದ್ದಲ್ಲಿ, ಕೀಟ ಕೊರೆದಲ್ಲಿ ಕೂಡ ಚೆರ್ರಿ ಅಂಟು ಸುರಿಸುತ್ತದೆ. ಕುಸಿದ ತೊಗಟೆ ಜೊತೆಗಿದ್ದರೆ ಮಾತ್ರ ರೋಗ.

ಮೇ, ಜೂನ್‌ನಲ್ಲಿ ಚಿಗುರೆಲೆ ಮುದುಡಿ ಒಳಗೆ ಕರಿ ಹೇನು ತುಂಬುವುದು ಪ್ರತಿ ವರ್ಷದ ಮಾತು. ಎಳೆ ಗಿಡದಲ್ಲಿ ತುದಿ ಚಿವುಟಿ ಹಾಕಬಹುದು, ದೊಡ್ಡ ಮರದಲ್ಲಿ ಏನೂ ಮಾಡಬೇಕಿಲ್ಲ. ಜುಲೈ ಹೊತ್ತಿಗೆ ಹೇನು ತಾನೇ ಬೇರೆ ಗಿಡಗಳಿಗೆ ಹೋಗುತ್ತದೆ. ಔಷಧಿ ಹೊಡೆದರೆ ಅವುಗಳನ್ನು ತಿನ್ನಲು ಬಂದ ಗುಲಗಂಜಿ ಹುಳು ಮೊದಲು ಸಾಯುತ್ತದೆ.

ಒಂದೇ ಸಸಿ ಕೊಂಡರೆ ಹಣ್ಣು ಬರದೆ ಹೋಗಬಹುದು. ಕಾಡು ಚೆರ್ರಿಗೆ ತನ್ನ ಪರಾಗ ತನಗೇ ಆಗುವುದಿಲ್ಲ, ಬೇರೆ ಮರದ ಪರಾಗವನ್ನು ಜೇನ್ನೊಣ ತರಬೇಕು. ಅಕ್ಕಪಕ್ಕದ ತೋಟದಲ್ಲಿ ಇನ್ನೊಂದು ಕಾಡು ಚೆರ್ರಿ, ಅಥವಾ ಅದೇ ಹೊತ್ತಿಗೆ ಅರಳುವ ಸಿಹಿ ಚೆರ್ರಿ ಇದ್ದರೆ ಸಾಕು. ಇಲ್ಲದಿದ್ದರೆ ಎರಡು ತೆಗೆದುಕೊಳ್ಳಿ. ಬೇರಿನಿಂದ ಎದ್ದ ಚಿಗುರನ್ನು ಬೆಳೆಸಿ ಎರಡನೇ ಮರ ಮಾಡಿಕೊಂಡರೆ ಪ್ರಯೋಜನವಿಲ್ಲ, ಅದು ಇದೇ ಮರದ ಪಡಿಯಚ್ಚು. ಆ ಚಿಗುರುಗಳು ಹುಲ್ಲುಹಾಸಿನಲ್ಲಿ ತಲೆ ಎತ್ತುವುದು ಈ ಮರದ ನಿಜವಾದ ಕೊರತೆ, ಅದರಲ್ಲೂ ಬೇರಿಗೆ ಸಲಿಕೆ ತಗುಲಿದರೆ. ಕತ್ತರಿಸಿದರೆ ಎರಡಾಗಿ ಬರುತ್ತದೆ. ಮಣ್ಣು ಸರಿಸಿ ಬೇರಿನಿಂದಲೇ ಕಿತ್ತು ತೆಗೆಯಬೇಕು.

ಹಣ್ಣು ಮಕ್ಕಳು ತಿಂದರೆ ತೊಂದರೆಯಿಲ್ಲ, ಓಟೆ ಜಗಿಯದಿದ್ದರೆ ಆಯಿತು. ಓಟೆಯ ಒಳಗಿನ ಬೀಜದಲ್ಲೂ ಎಲೆಯಲ್ಲೂ ಸಯನೈಡ್ ಬಿಡುವ ವಸ್ತು ಇದೆ. ಕಡಿದು ಬಿಸಾಕಿದ ಬಾಡಿದ ಎಲೆ ದನ, ಕುರಿ, ಕುದುರೆಗೆ ಹಸಿ ಎಲೆಗಿಂತ ಅಪಾಯ. ಹೊಲದ ಬೇಲಿಗೆ ನೆಡುವವರು ಸವರಿದ ರೆಂಬೆಯನ್ನು ಆಚೆ ಎಸೆಯಬಾರದು.

ತಿನ್ನಲು ಚೆರ್ರಿ ಬೇಕು ಎನ್ನುವವರಿಗೆ ದಾರಿ ಬೇರೆ. ‘ಸ್ಟೆಲ್ಲಾ’ದಂತಹ, ಒಂದೇ ಮರದಲ್ಲಿ ಹಣ್ಣು ಕಟ್ಟುವ ತಳಿಯನ್ನು ‘ಗಿಸೆಲಾ 5’ ಬುಡದ ಮೇಲೆ ಕಸಿ ಮಾಡಿದ್ದು ಕೊಳ್ಳಿ. ಮೂರು ಮೀಟರ್ ಎತ್ತರದಲ್ಲಿ ನಿಲ್ಲುತ್ತದೆ, ಬಲೆ ಹೊದಿಸಬಹುದು. ಆ ಬುಡವನ್ನು ತಯಾರಿಸಿದ್ದು ಜರ್ಮನಿಯ ಗೀಸೆನ್ ವಿಶ್ವವಿದ್ಯಾಲಯ, ಹೆಸರೂ ಆ ಊರಿನಿಂದಲೇ. ‘ಕೋಲ್ಟ್’ ಬುಡದ ಮೇಲಿನದಾದರೆ ನಾಲ್ಕೈದು ಮೀಟರ್. ಕಸಿ ಚೀಟಿಯಲ್ಲಿ ‘ಮ್ಯಾಝರ್ಡ್’ ಎಂದಿದ್ದರೆ ಎಚ್ಚರ: ಅದು ಕಾಡು ಚೆರ್ರಿಗೇ ಇನ್ನೊಂದು ಇಂಗ್ಲಿಷ್ ಹೆಸರು, ಮರ ದೊಡ್ಡದಾಗಿಯೇ ಬೆಳೆಯುತ್ತದೆ, ಹಣ್ಣು ಏಣಿಗೂ ಸಿಗುವುದಿಲ್ಲ.

ಅಮೆರಿಕದಲ್ಲಿರುವ ಓದುಗರಿಗೆ ಒಂದು ಮಾತು. ಅಲ್ಲಿ ವೈಲ್ಡ್ ಚೆರ್ರಿ ಎಂದರೆ ಬಹುಮಟ್ಟಿಗೆ ಪ್ರೂನಸ್ ಸಿರೋಟಿನ, ಕೆಮ್ಮಿನ ಔಷಧಿಗೆ ತೊಗಟೆ ಕೊಟ್ಟ ಕಪ್ಪು ಚೆರ್ರಿ, ಬೇರೆಯದೇ ಮರ. ಯುರೋಪಿನ ಏವಿಯಮ್ ಅನ್ನು ವಾಷಿಂಗ್ಟನ್, ಆರೆಗನ್ ಕಡೆ ನೆಡಬೇಡಿ. ಹಕ್ಕಿಗಳು ಅದನ್ನು ಅಲ್ಲಿನ ಕಾಡಿಗೆ ಹರಡಿ ಕಳೆಯಾಗಿಸಿವೆ.

ಊರಿನ ತೋಟಕ್ಕೆ ಒಂದು ಸಸಿ ಒಯ್ಯಬೇಕೆಂಬ ಆಸೆ ಹಲವರಿಗೆ ಇರುತ್ತದೆ. ಬೇಡ. ಬೇರುಸಸ್ಯವನ್ನು ಪರವಾನಗಿ, ತಪಾಸಣೆ ಇಲ್ಲದೆ ಭಾರತಕ್ಕೆ ತರುವಂತಿಲ್ಲ. ತಂದರೂ ಏಳು ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಸಿಗದೆ ಬೆಂಗಳೂರಿನಲ್ಲಾಗಲಿ ಮಡಿಕೇರಿಯಲ್ಲಾಗಲಿ ಇದು ಹೂಬಿಡದು. ಕರ್ನಾಟಕದ ನರ್ಸರಿಗಳು ಚೆರ್ರಿ ಎಂದು ಕೊಡುವುದು ಬಾರ್ಬಡೋಸ್ ಚೆರ್ರಿ, ಸುರಿನಾಮ್ ಚೆರ್ರಿ, ಇಲ್ಲವೇ ಸಿಂಗಾಪುರ ಚೆರ್ರಿ. ಮೂರಕ್ಕೂ ಪ್ರೂನಸ್ ಕುಲಕ್ಕೂ ನಂಟಿಲ್ಲ. ಕೊನೆಯದನ್ನು ನಾವು ಗಸಗಸೆ ಹಣ್ಣು ಎಂದು ಕರೆಯುವುದು ಒಳಗಿನ ಸಣ್ಣ ಬೀಜ ನೋಡಿ. ಬೇಕರಿಯ ಕೇಕಿನ ಮೇಲಿನ ಕೆಂಪು ಚೆರ್ರಿ ಹೆಚ್ಚಿನ ಕಡೆ ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ಅದ್ದಿದ ಕವಳಿಕಾಯಿ. ಭಾರತದ ನಿಜವಾದ ಕಾಡು ಚೆರ್ರಿ ಹಿಮಾಲಯದ ಪ್ರೂನಸ್ ಸೆರಸಾಯ್ಡಿಸ್, ಆಯುರ್ವೇದದ ಪದ್ಮಕ. ಅಕ್ಟೋಬರ್, ನವೆಂಬರಿನಲ್ಲಿ ಶಿಲ್ಲಾಂಗಿನಲ್ಲಿ ಗುಲಾಬಿ ಹೂ ಬಿಡುವುದು ಇದೇ. ಹಿಮಾಚಲದವರು ಇದನ್ನು ಪಾಜಾ ಎಂದು ಕರೆದು, ಇದರ ಬುಡದ ಮೇಲೆ ಸಿಹಿ ಚೆರ್ರಿ ಕಸಿ ಕಟ್ಟುತ್ತಾರೆ.

ಆರ್ಡರ್ ಅಕ್ಟೋಬರಿನಲ್ಲೇ ಹಾಕಿ, ಡಿಸೆಂಬರ್ ಒಳಗೆ ತರಿಸಿಕೊಳ್ಳಿ. ಮಾರ್ಚ್ ಕೊನೆಯಲ್ಲಿ ಬರುವ ಸಸಿ ಶೀತಗೃಹದಲ್ಲಿ ತಿಂಗಳುಗಟ್ಟಲೆ ಕಾದದ್ದು, ಮೊಗ್ಗು ಆಗಲೇ ಬಿರಿಯುತ್ತಿರುತ್ತದೆ. ನೆಟ್ಟ ದಿನವೇ ಕಾಂಡಕ್ಕೆ ಕಟ್ಟಿದ ಚೀಟಿಯನ್ನು ಕತ್ತರಿಸಿ ತೆಗೆಯಿರಿ, ಅದರ ದಾರ ಎರಡು ವರ್ಷದಲ್ಲಿ ತೊಗಟೆಯೊಳಗೆ ಹೂತು ಸಸಿಯ ಕತ್ತು ಹಿಸುಕುತ್ತದೆ. ಪಕ್ಕದಲ್ಲಿ ಒಂದು ಗೂಟ ನೆಟ್ಟು ಚೀಟಿಯನ್ನು ಅದಕ್ಕೆ ಕಟ್ಟಿ.